ರಿಪೋರ್ಟ್‌ನಲ್ಲಿ ‘ಎಜಿಸಿ’ ಅಂತ ಬಂದರೆ, ಮುಂದೆ ಹೋಗುವುದು ಎಲ್ಲಿಗೆ?

ಗ್ಲೋಬೊಕ್ಯಾನ್ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 80 ಸಾವಿರ ಮಹಿಳೆಯರು ಗರ್ಭಕಂಠದ ಕ್ಯಾನ್ಸರ್‌ಗೆ ಬಲಿಯಾಗುತ್ತಿದ್ದಾರೆ. 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾಗಿ ಎಲ್ಲರೂ ‘ತಪಾಸಣೆ ಹೆಚ್ಚಿಸಿ’ ಅಂತಾರೆ. ಸರಿಯೇ. ಆದರೆ ತಪಾಸಣೆ ಆದಮೇಲೆ ಏನು? ಈ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ಒಂದು ಅಪರೂಪದ ಫಲಿತಾಂಶವನ್ನು ನೋಡಬೇಕು.

ಗರ್ಭಕಂಠದ ಹೊರಮೈಯಲ್ಲಿ ಚಪ್ಪಟೆ ಕೋಶಗಳಿರುತ್ತವೆ. ಒಳಗಿನ ಕಾಲುವೆಯಲ್ಲಿರುವುದು ಲೋಳೆ ಸ್ರವಿಸುವ ಗ್ರಂಥಿ ಕೋಶಗಳು. ಪ್ಯಾಪ್ ಸ್ಮಿಯರ್‌ನಲ್ಲಿ ಈ ಗ್ರಂಥಿ ಕೋಶಗಳು ಅಸಹಜವಾಗಿ ಕಂಡರೆ ಪೆಥಾಲಜಿಸ್ಟ್ ‘ಎಜಿಸಿ’, ಅಂದರೆ ಅಟಿಪಿಕಲ್ ಗ್ಲಾಂಡ್ಯುಲರ್ ಸೆಲ್ಸ್ ಎಂದು ಬರೆಯುತ್ತಾರೆ. ನೂರು ಸ್ಮಿಯರ್‌ಗಳಲ್ಲಿ ಒಂದರಲ್ಲೂ ಇದು ಸಿಗುವುದಿಲ್ಲ. ಸಿಕ್ಕಾಗ ಓದುವುದೂ ಕಷ್ಟ. ಪಾಲಿಪ್, ಉರಿಯೂತ, ಕಾಪರ್-ಟಿ ಕೂಡ ಕೋಶಗಳ ರೂಪ ಕೆಡಿಸಬಲ್ಲವು. ಕೆಲವೊಮ್ಮೆ ಆ ಕೋಶಗಳು ಗರ್ಭಕಂಠದವೇ ಆಗಿರುವುದಿಲ್ಲ, ಮೇಲಿನ ಗರ್ಭಕೋಶದಿಂದ ಉದುರಿ ಬಂದಿರುತ್ತವೆ.

ಇಂಜಿನಿಯರಿಂಗ್ ಓದಿದ ನನಗೆ ಇದು ಸೆನ್ಸರ್ ಅಲಾರಂ ಥರ ಕಾಣುತ್ತೆ. ಅಲಾರಂ ಹೊಡೆದ ಮಾತ್ರಕ್ಕೆ ಬೆಂಕಿ ಬಿದ್ದಿದೆ ಎಂದಲ್ಲ. ಆದರೆ ಇದು ಆಫ್ ಮಾಡಿ ಮಲಗುವ ಅಲಾರಂ ಅಲ್ಲವೇ ಅಲ್ಲ. ಬೇರೆ ಬೇರೆ ಅಧ್ಯಯನಗಳಲ್ಲಿ, ಎಜಿಸಿ ಬಂದವರ ಪೈಕಿ ಶೇ. 9ರಿಂದ 38ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಅಥವಾ ಅದರ ಗಂಭೀರ ಪೂರ್ವಸ್ಥಿತಿ ಪತ್ತೆಯಾಗಿದೆ. ಅದಕ್ಕೇ ‘ಆರು ತಿಂಗಳು ಬಿಟ್ಟು ಇನ್ನೊಂದು ಸ್ಮಿಯರ್ ಮಾಡಿಸೋಣ’ ಎಂಬ ಸಮಾಧಾನ ಇಲ್ಲಿ ಸಾಲದು. ಕಾಲ್ಪೊಸ್ಕೊಪಿ ಆಗಬೇಕು, ಕಾಲುವೆಯ ಒಳಗಿನಿಂದ ಸ್ಯಾಂಪಲ್ ತೆಗೆಯಬೇಕು, 35 ದಾಟಿದವರಿಗೆ ಗರ್ಭಕೋಶದ ಒಳಪದರದ ಪರೀಕ್ಷೆಯೂ ಬೇಕು. ಎಚ್‌ಪಿವಿ ನೆಗೆಟಿವ್ ಬಂದರೂ ಇದನ್ನು ಬಿಡುವಂತಿಲ್ಲ. ಯಾಕೆಂದರೆ ಕೆಲವು ಗ್ರಂಥಿ ಕ್ಯಾನ್ಸರ್‌ಗಳಿಗೂ ಆ ವೈರಸ್‌ಗೂ ಸಂಬಂಧವೇ ಇಲ್ಲ.

ಈಗ ನಮ್ಮ ನೀತಿಗೆ ಬನ್ನಿ. ಕೇಂದ್ರದ 2016ರ ಮಾರ್ಗಸೂಚಿ 30ರಿಂದ 65ರ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ‘ವಿಐಎ’ ಮಾಡಿ ಅನ್ನುತ್ತದೆ. ಅಸಿಟಿಕ್ ಆಮ್ಲ ಹಚ್ಚಿ, ಬಿಳಿಚಿದ ಜಾಗವನ್ನು ಬರಿಗಣ್ಣಲ್ಲಿ ಗುರುತಿಸುವ ವಿಧಾನ ಇದು. ಅಗ್ಗ, ಡಾಕ್ಟರೇ ಬೇಕೆಂದಿಲ್ಲ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ನಡೆಸಿದ ದೀರ್ಘ ಅಧ್ಯಯನದಲ್ಲಿ ಇದರಿಂದ ಸಾವು ಶೇ. 31ರಷ್ಟು ಇಳಿದಿತ್ತು. ಇದನ್ನು ತಳ್ಳಿಹಾಕುವ ಮಾತೇ ಇಲ್ಲ. ಆದರೆ ಕಣ್ಣಿಗೆ ಕಾಣುವುದು ಹೊರಮೈ ಅಷ್ಟೇ. ಕಾಲುವೆಯೊಳಗಿನ ಗ್ರಂಥಿ ಕೋಶಗಳು ವಿಐಎ ಕಣ್ಣಿಗೆ ಬೀಳುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಎಚ್‌ಪಿವಿ ಡಿಎನ್‌ಎ ಪರೀಕ್ಷೆಗೆ ಮೊದಲ ಆದ್ಯತೆ ಕೊಟ್ಟಿತು. ಅದಕ್ಕೆ ಬಲ ಕೊಟ್ಟ ಪುರಾವೆಗಳಲ್ಲೊಂದು ನಮ್ಮ ಪಕ್ಕದ ಮಹಾರಾಷ್ಟ್ರದ್ದು. ಉಸ್ಮಾನಾಬಾದ್ ಜಿಲ್ಲೆಯಲ್ಲಿ ಸುಮಾರು 1.3 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನದಲ್ಲಿ, ಒಂದೇ ಒಂದು ಸುತ್ತಿನ ಎಚ್‌ಪಿವಿ ಪರೀಕ್ಷೆ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು. ಆ ವರದಿ ಬಂದಿದ್ದು 2009ರಲ್ಲಿ.

‘ನೂರಕ್ಕೊಂದೂ ಇಲ್ಲದ ಫಲಿತಾಂಶಕ್ಕೆ ಇಷ್ಟೊಂದು ತಲೆಬಿಸಿ ಯಾಕೆ?’ ಅಂತ ಕೇಳಬಹುದು. ಒಂದು ಕೋಟಿ ಮಹಿಳೆಯರನ್ನು ಪರೀಕ್ಷಿಸಿದರೆ ಸಾವಿರಕ್ಕೊಂದು ಅಂದರೂ ಹತ್ತು ಸಾವಿರ ಮಂದಿ ಆಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಯಾವ ಪರೀಕ್ಷೆಯೇ ಇರಲಿ, ‘ಪಾಸಿಟಿವ್’ ಬಂದವಳಿಗೆ ಬೇಕಾಗುವುದು ಅದೇ ಕಾಲ್ಪೊಸ್ಕೊಪ್, ಅದೇ ಬಯಾಪ್ಸಿ, ಅದೇ ಪೆಥಾಲಜಿಸ್ಟ್. ಕೂಲಿ ಬಿಟ್ಟು, ಬಸ್ ಹಿಡಿದು, ಮನೆಯವರನ್ನು ಒಪ್ಪಿಸಿ ಜಿಲ್ಲಾಸ್ಪತ್ರೆಗೆ ಬಂದವಳನ್ನು ‘ಮುಂದಿನ ತಿಂಗಳು ಬಾಮ್ಮ’ ಅಂತ ಕಳಿಸಿದರೆ ಅವಳು ಮತ್ತೆ ಬರುತ್ತಾಳಾ?

ಕ್ಯಾಂಪ್‌ಗಳ ಲೆಕ್ಕ ತೋರಿಸುವುದು ಸುಲಭ. ಫೋಟೊನೂ ಚೆನ್ನಾಗಿ ಬರುತ್ತೆ. ನಾವು ಕೇಳಬೇಕಾದ ಅಂಕಿ ಬೇರೆ: ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿಗೆ ಕಾಲ್ಪೊಸ್ಕೊಪಿ ಆಯಿತು, ಎಷ್ಟು ದಿನದಲ್ಲಿ ಆಯಿತು? ನಿಮ್ಮ ಜಿಲ್ಲೆಯ ಆರೋಗ್ಯಾಧಿಕಾರಿಗೆ ಒಂದು ಆರ್‌ಟಿಐ ಹಾಕಿ, ಇದನ್ನೇ ಕೇಳಿ. ಮನೆಯಲ್ಲಿ ಅಮ್ಮನ ರಿಪೋರ್ಟ್‌ನಲ್ಲಿ ‘ಎಜಿಸಿ’ ಅಂತಿದ್ದರೆ ಗಾಬರಿ ಬೇಡ. ಆದರೆ ಮುಂದಿನ ಪರೀಕ್ಷೆಯ ತಾರೀಕು ಪಕ್ಕಾ ಮಾಡಿಕೊಳ್ಳದೆ ಆಸ್ಪತ್ರೆಯಿಂದ ವಾಪಸ್ ಬರಬೇಡಿ.