ಹಾಳೆಗೆ ಬಾರದ ಅಡಿಗೆ

ಸಾಹಿತ್ಯಕ್ಕೆಂದು ಮೀಸಲಾದ ಪುಟದಲ್ಲಿ ಖೀಮಾ ಉಂಡೆಯ ಮಾತನ್ನೆತ್ತಿದರೆ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಿಯಾರು. ಅವರಲ್ಲಿ ಮೊದಲೇ ಒಂದು ಅರಿಕೆ: ನಾನು ಮಾಂಸ ತಿನ್ನುವವನಲ್ಲ, ತಿನ್ನಿರೆಂದು ಬೋಧಿಸಲು ಹೊರಟವನೂ ಅಲ್ಲ. ಕನ್ನಡ ಕಲಿಸುವ ಕಸುಬಿನವನಾಗಿ ಕಣ್ಣಿಗೆ ಬಿದ್ದ ಕೊರತೆಯೊಂದನ್ನು ನಿವೇದಿಸುವುದಷ್ಟೇ ನನ್ನ ಉದ್ದೇಶ.

ಕಳೆದ ವರ್ಷ ತರಗತಿಯಲ್ಲಿ ‘ನಮ್ಮ ಮನೆಯ ಅಕ್ಕರೆಯ ಅಡಿಗೆ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದೆ. ನಮ್ಮ ವಿದ್ಯಾರ್ಥಿಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಣ ಹಳ್ಳಿಗಳವರು. ಬಂದ ಹಾಳೆಗಳಲ್ಲೆಲ್ಲ ಹೋಳಿಗೆ, ಕಡಬು, ಎಣಗಾಯಿ, ಪುಂಡಿಪಲ್ಯ. ಅದೇನೂ ಸುಳ್ಳಲ್ಲ, ಬಂಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಹೋಳಿಗೆಯ ನೈವೇದ್ಯ ಮಾಡುವ ಸೀಮೆ ಇದು. ಆದರೆ ಒಬ್ಬ ಹುಡುಗ ಮೊದಲ ಸಾಲಿನಲ್ಲಿ ‘ಖೀಮಾ ಉಂಡಿ ಸಾರು’ ಎಂದು ಬರೆದು, ಅದರ ಮೇಲೆ ಅಡ್ಡಗೀಟು ಎಳೆದು, ಕೆಳಗೆ ‘ಹೋಳಿಗೆ’ ಎಂದು ತಿದ್ದಿದ್ದ. ಕರೆದು ಕೇಳಿದೆ. ತಲೆ ತಗ್ಗಿಸಿ, “ಅದನ್ನೆಲ್ಲಾ ಪೇಪರದಾಗ ಬರೀತಾರೇನ್ರಿ ಸರ?” ಎಂದ.

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೊನೆಗೊಂದು ಭಾನುವಾರ ಅವನ ಮನೆಗೇ ಹೋದೆ. ಅವನ ಆಯಿ, “ನೀವು ಉಣ್ಣೂದಿಲ್ಲಂತ ಗೊತ್ತೈತ್ರಿ ಸರ, ಮಾಡೂದರ ನೋಡ್ರಿ” ಎಂದು ಮಣೆ ಹಾಕಿದಳು. ಎಲುಬಿಲ್ಲದ ಅರ್ಧ ಕಿಲೊ ಕುರಿಯ ಖಂಡ. ಅದನ್ನು ನುಣ್ಣಗೆ ಕೊಚ್ಚಬೇಕು. ಈರುಳ್ಳಿಯನ್ನು ಹೆಚ್ಚಬೇಕು, ಬೆಳ್ಳುಳ್ಳಿ ಶುಂಠಿಗಳನ್ನು ಜಜ್ಜಬೇಕು, ಲವಂಗ ಚಕ್ಕೆ ಜೀರಿಗೆಗಳನ್ನು ಹುರಿದು ಕುಟ್ಟಬೇಕು, ಒಣಕೊಬ್ಬರಿ ಗಸಗಸೆಗಳನ್ನು ಅರೆಯಬೇಕು. ಒಂದೇ ಅಡಿಗೆಯಲ್ಲಿ ಐದು ಕ್ರಿಯಾಪದಗಳು! ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ರುಚಿಯೂ ಕೆಡುತ್ತದೆ, ಕನ್ನಡವೂ ಕೆಡುತ್ತದೆ. ಕೊಚ್ಚಿದ ಖಂಡಕ್ಕೆ ಮಸಾಲೆಯೊಡನೆ ಒಂದು ಹಿಡಿ ಪುಟಾಣಿ ಹಿಟ್ಟು ಬೆರೆಸಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದಳು. ಹಿಟ್ಟು ಏಕೆಂದರೆ, “ಉಂಡಿ ಒಡೀಬಾರದು, ಒಳಗಿನ ರಸಾನೂ ಬಿಟ್ಟು ಹೋಗಬಾರದು” ಎಂಬ ಉತ್ತರ. ಟೊಮೆಟೊ ಹಾಕಿ ಕುದಿಸಿದ ಕೆಂಪು ಸಾರಿನಲ್ಲಿ ಉಂಡೆಗಳನ್ನು ಒಂದೊಂದಾಗಿ ಬಿಟ್ಟು, ಅವು ಗಟ್ಟಿಯಾಗುವವರೆಗೆ ಸೌಟು ಮುಟ್ಟಿಸಲಿಲ್ಲ. ನಾನು ರೊಟ್ಟಿ ಮಜ್ಜಿಗೆ ಉಂಡು ಬಂದೆ. ಆದರೆ ಮನಸ್ಸು ತುಂಬಿತ್ತು.

ಇದೇ ಪಾಕದ ಸೋದರಿಯೊಂದು ಗ್ರೀಸ್ ದೇಶದಲ್ಲಿದೆ. ಅದರ ಹೆಸರು ಸುತ್ಸುಕಾಕ್ಯ. ಅಲ್ಲಿ ಪುಟಾಣಿ ಹಿಟ್ಟಿನ ಬದಲು ನೆನೆಸಿದ ಹಳೆಯ ಬ್ರೆಡ್ಡು; ಉಂಡೆ ದುಂಡಗಿರದೆ ಬೆರಳಿನಂತೆ ಉದ್ದ; ಅದನ್ನು ಎಣ್ಣೆಯಲ್ಲಿ ಬಾಡಿಸಿ ಟೊಮೆಟೊ ರಸದಲ್ಲಿ ಕುದಿಸುತ್ತಾರೆ. ಜೀರಿಗೆ ಬೆಳ್ಳುಳ್ಳಿಗಳ ಘಮ ಮಾತ್ರ ನಮ್ಮದೇ. ಆ ಹೆಸರಿನಲ್ಲಿರುವುದು ತುರ್ಕಿಯ ‘ಸುಜುಕ್’ ಶಬ್ದ, ತುದಿಗೆ ಗ್ರೀಕರ ಮುದ್ದಿನ ಪ್ರತ್ಯಯ. ಅದನ್ನು ‘ಸ್ಮಿರ್ನಾದ್ದು’ ಎಂದೇ ಕರೆಯುವರು. ಸ್ಮಿರ್ನಾ ಎಂದರೆ ಇಂದಿನ ತುರ್ಕಿಯ ಇಜ್ಮಿರ್. 1922ರ ಸೆಪ್ಟೆಂಬರಿನಲ್ಲಿ ಆ ಪಟ್ಟಣ ಬೆಂಕಿಗೆ ತುತ್ತಾಯಿತು. 1923ರ ಲೊಸಾನ್ ಒಪ್ಪಂದದಂತೆ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನ ಪಾಲಿಗೂ ಸುಮಾರು 4 ಲಕ್ಷ ಮುಸಲ್ಮಾನರು ತುರ್ಕಿಯ ಪಾಲಿಗೂ ಬಂದರು. ಮನೆ, ಹೊಲ, ಗೋರಿಗಳನ್ನು ಬಿಟ್ಟುಬಂದ ಆ ಜನ ಒಂದು ಅಡಿಗೆಯ ಹೆಸರಿನಲ್ಲಿ ತಮ್ಮ ಊರನ್ನು ಉಳಿಸಿಕೊಂಡರು. ಅದನ್ನು ಬರೆಯಲು ಅವರು ನಾಚಲಿಲ್ಲ.

ಇದು ಪರಕೀಯರ ಅಡಿಗೆ, ನಮ್ಮದಲ್ಲ ಎನ್ನುವವರಿದ್ದಾರೆ. ಖೀಮಾ ಎಂಬ ಮಾತು ಹೊರಗಿನದು, ನಿಜ. ಕುಟ್ಟುವುದೆಂಬ ಅರ್ಥದ ಪಾರಸಿ ಧಾತುವಿನಿಂದ ಹುಟ್ಟಿದ ‘ಕೋಫ್ತಾ’ ಪೂರ್ವದಲ್ಲಿ ನಮ್ಮಲ್ಲಿಗೂ ಪಶ್ಚಿಮದಲ್ಲಿ ಗ್ರೀಕರಲ್ಲಿಗೂ ನಡೆದುಹೋಯಿತು. ಆದರೆ ಹೋಳಿಗೆಯೂಟದ ಸಾರಿನಲ್ಲಿರುವ ಮೆಣಸಿನಕಾಯಿಯೂ ಟೊಮೆಟೊವೂ ಅಮೆರಿಕ ಖಂಡದಿಂದ ಬಂದವಲ್ಲವೆ? ‘ಚಪ್ಪರಬದನೆ’ ಎಂದು ನಾಮಕರಣ ಮಾಡಿ ಟೊಮೆಟೊವನ್ನು ಒಳಗೆ ಕರೆದುಕೊಂಡವರು ಉಂಡೆಯ ಮುಂದೆ ಬಾಗಿಲು ಹಾಕುವುದು ನ್ಯಾಯವಲ್ಲ.

ಮಾಂಸದ ಪಾಕ ನಮ್ಮ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ಮಾಂಸದ ಅಡಿಗೆಗಳ ವಿವರ ವಿಪುಲವಾಗಿದೆ. ಆದರೆ ಅದು ಸಂಸ್ಕೃತ. ಕನ್ನಡದಲ್ಲಿ ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದ ಪಾಕಭಾಗವಾಗಲಿ, 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ವಾಗಲಿ ಸಸ್ಯಾಹಾರದವು. ಮಂಗರಸ ಜೈನ, ತನ್ನ ಧರ್ಮಕ್ಕೆ ನಿಷ್ಠನಾಗಿದ್ದ, ಬರೆದವರಲ್ಲಿ ದೋಷವೆಣಿಸುವಂತಿಲ್ಲ. ಹೀಗೆ ಅರಸನ ಬಾಣಸಿಗ ಮಾಡಿದ ಮಾಂಸಕ್ಕೆ ಸಂಸ್ಕೃತದಲ್ಲಿ ಶ್ಲೋಕವುಂಟು. ನಮ್ಮ ಹುಡುಗನ ಆಯಿ ಕಟ್ಟಿದ ಉಂಡೆಗೆ ಕನ್ನಡದ ಹಾಳೆಯಲ್ಲಿ ಅಡ್ಡಗೀಟು.

ಅಹಿಂಸೆ ನಮ್ಮ ಸಾಹಿತ್ಯದ ಹಿರಿಯ ಮೌಲ್ಯವಲ್ಲವೆ ಎಂದು ಕೇಳಬಹುದು. ಹೌದು. ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದು, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೂ ಜೀವವನ್ನು ಜನ್ಮಜನ್ಮಕ್ಕೆ ಬೆನ್ನಟ್ಟುವುದೆಂದು ತೋರಿಸಿದ. ಆ ಕಾವ್ಯವನ್ನು ಪ್ರತಿವರ್ಷವೂ ನಾನು ಭಕ್ತಿಯಿಂದ ಪಾಠ ಹೇಳುತ್ತೇನೆ. ಆದರೆ ಗಮನಿಸಿರಿ: ಜನ್ನ ಬಲಿಯನ್ನು ವಿರೋಧಿಸಿದ್ದು ಅದರ ಮಾತನ್ನಾಡಿ, ಮುಚ್ಚಿಟ್ಟಲ್ಲ. ಹಿಂಸೆಯ ವಿಚಾರ ಮಾಡುವುದು ಒಂದು. ಉಣ್ಣುವವನನ್ನು ನಾಚಿಸಿ ಬಾಯಿ ಕಟ್ಟುವುದು ಇನ್ನೊಂದು. ಎರಡನೆಯದರಿಂದ ಒಂದು ಕುರಿಯೂ ಉಳಿಯುವುದಿಲ್ಲ. ಒಬ್ಬ ವಿದ್ಯಾರ್ಥಿಯ ಸತ್ಯನಿಷ್ಠೆ ಮಾತ್ರ ಸಾಯುತ್ತದೆ. ಮನೆಯ ಒಲೆಯನ್ನು ಮರೆಮಾಚಿ ಬರೆಯಲು ಕಲಿತವನು ನಾಳೆ ಮನೆಯ ದುಃಖವನ್ನೂ ಮರೆಮಾಚಿ ಬರೆದಾನು. ಅಂಥವನಿಂದ ಸಾಹಿತ್ಯವನ್ನು ಹೇಗೆ ನಿರೀಕ್ಷಿಸೋಣ?

ಈ ಸಂಕೋಚವನ್ನು ಮಕ್ಕಳಿಗೆ ಕಲಿಸಿದವರು ಯಾರು? ಬಾಯಿಬಿಟ್ಟು ಹೇಳಿದವರು ಯಾರೂ ಇರಲಾರರು. ನಾವು ಮಾದರಿಯೆಂದು ಓದಿಸಿದ ಪ್ರಬಂಧಗಳು, ಮೆಚ್ಚಿ ತಲೆದೂಗಿದ ಹಾಳೆಗಳು ಕಲಿಸಿದವು. ಆ ಹೊಣೆಯಲ್ಲಿ ನನ್ನದೂ ಪಾಲಿದೆ. ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ರಜೆಯಲ್ಲಿ ವಿದ್ಯಾರ್ಥಿಗಳನ್ನು ಅವರವರ ಆಯಿಯರ ಒಲೆಯ ಮುಂದೆ ಕೂಡಿಸಿ, ಹೋಳಿಗೆಯದನ್ನೂ ಉಂಡೆಯದನ್ನೂ ಅವರಾಡುವ ಮಾತಿನಲ್ಲಿಯೇ ಬರೆದು ತರಲು ಹೇಳೋಣ. ನೂರಾರು ಶಬ್ದಗಳು ಉಳಿದಾವು.

ಆ ಹುಡುಗ ಪ್ರಬಂಧವನ್ನು ಹೊಸದಾಗಿ ಬರೆದು ತಂದಿದ್ದಾನೆ. ಕಾಗುಣಿತದ ತಪ್ಪುಗಳು ಹಲವಿದ್ದವು, ಅವನ್ನು ತಿದ್ದಿದೆ. ಅಡ್ಡಗೀಟು ಎಲ್ಲಿಯೂ ಇರಲಿಲ್ಲ.