ಮಗುವನ್ನು ಎಲ್ಲಿಂದ ತರುತ್ತೀರಿ?

ಹೆರಿಗೆಗೆಂದು ನನ್ನ ಅಕ್ಕ ಬೂಕನಕೆರೆಯ ನಮ್ಮ ಮನೆಗೆ ಬಂದಿದ್ದಳು. "ಅಮ್ಮನ ಹೊಟ್ಟೆ ಏಕೆ ದಪ್ಪವಾಗಿದೆ?" ಎಂದು ಅವಳ ನಾಲ್ಕು ವರ್ಷದ ಮಗಳು ಕೇಳಿದಾಗ ಹಿರಿಯರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕಡೆಗೆ ಅಜ್ಜಿ, "ಆಸ್ಪತ್ರೆಯಿಂದ ನಿನಗೊಬ್ಬ ತಮ್ಮನನ್ನು ಕೊಂಡು ತರುತ್ತೇವೆ" ಎಂದರು. ನಾವೆಲ್ಲ ನಕ್ಕೆವು. ತಿಂಗಳೆರಡು ಕಳೆದು ಮನೆಗೆ ಬಂದವಳು ತಂಗಿ. ತೊಟ್ಟಿಲನ್ನು ಇಣುಕಿದ ಮಗು, "ಇದನ್ನು ಹಿಂದಕ್ಕೆ ಕೊಟ್ಟು ತಮ್ಮನನ್ನು ತನ್ನಿ" ಎಂದಿತು. ಅಕ್ಕನಿಗೆ ಆಗ ನಗು ಬರಲಿಲ್ಲ.

ಮಗುವಿನ ತರ್ಕದಲ್ಲಿ ದೋಷವಿಲ್ಲ. ಕೊಂಡು ತರುವ ವಸ್ತುವನ್ನು ಆರಿಸಿಕೊಳ್ಳಬಹುದು, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ದೋಷವಿದ್ದುದು ನಾವಾಡಿದ ಸುಳ್ಳಿನಲ್ಲಿ.

ಇಂಥ ವಿಷಯಗಳು ಎಳೆಯರಿಗೆ ತಿಳಿಯಬಾರದೆಂದು ಹಿರಿಯರು ಹೇಳುವುದುಂಟು. ಆದರೆ ನಮ್ಮ ಸೀಮೆಯ ಮಕ್ಕಳಿಗೆ ಇದು ಹೊಸತೆ? ಕೊಟ್ಟಿಗೆಯಲ್ಲಿ ಹಸು ಗಬ್ಬವಾದುದನ್ನೂ, ಕರು ಹಾಕಿದುದನ್ನೂ ಅವರು ಕಣ್ಣಾರೆ ಕಂಡಿರುತ್ತಾರೆ. ಹಸು ಗರ್ಭವನ್ನು ಹೊರುವುದು ಸುಮಾರು 280 ದಿನ. ಹೆಂಗಸಿನ ಲೆಕ್ಕವೂ ಹೆಚ್ಚುಕಡಮೆ ಅಷ್ಟೇ. ಕರುವಿನ ವಿಷಯದಲ್ಲಿ ನಾಚದ ನಾವು ಕೂಸಿನ ವಿಷಯದಲ್ಲಿ ಏಕೆ ನಾಚಬೇಕು?

ಹೇಳಬೇಕಾದುದೂ ಬಹಳವಿಲ್ಲ. "ಅಮ್ಮನ ಹೊಟ್ಟೆಯೊಳಗೆ ಗರ್ಭಕೋಶವೆಂಬ ಚೀಲವಿದೆ, ಅದರಲ್ಲಿ ಪಾಪು ಬೆಳೆಯುತ್ತಿದೆ, ಹೊಕ್ಕುಳಬಳ್ಳಿಯಿಂದ ಅದಕ್ಕೆ ಆಹಾರ ಸಿಗುತ್ತದೆ. ನೀನೂ ಹಾಗೆಯೇ ಬೆಳೆದೆ, ನಿನ್ನ ಹೊಕ್ಕುಳೇ ಅದರ ಗುರುತು" ಎಂದರೆ ಸಾಕು. ತಿಂಗಳ ಲೆಕ್ಕ ತಿಳಿಯದ ಮಗುವಿಗೆ "ಯುಗಾದಿಯ ಹೊತ್ತಿಗೆ" ಎನ್ನಬಹುದು. ಆರನೆಯ ತಿಂಗಳು ಕಳೆಯುವ ಹೊತ್ತಿಗೆ ಗರ್ಭದ ಶಿಶುವಿಗೆ ಹೊರಗಿನ ಸದ್ದು ಕೇಳತೊಡಗುತ್ತದೆ. ಅದರೊಡನೆ ಮಾತನಾಡಲು ದೊಡ್ಡ ಮಗುವನ್ನು ಕರೆಯಬಹುದು. ಅಮ್ಮ ಆಸ್ಪತ್ರೆಯಲ್ಲಿರುವಾಗ ತಾನು ಯಾರ ಮಗ್ಗುಲಲ್ಲಿ ಮಲಗಬೇಕೆಂಬುದನ್ನೂ ಮೊದಲೇ ತಿಳಿಸಿದರೆ ಅದರ ಅಂಜಿಕೆ ಅರ್ಧ ಕಳೆಯುತ್ತದೆ.

ಇನ್ನು "ತಮ್ಮ ಬೇಕೋ, ತಂಗಿ ಬೇಕೋ?" ಎಂಬ ಪ್ರಶ್ನೆ. ತಮ್ಮನೆಂದರೆ ಮುದ್ದಾಡುತ್ತೇವೆ, ತಂಗಿಯೆಂದರೆ ಮಾತು ಮರೆಸುತ್ತೇವೆ. ಇದು ಬರಿಯ ವಿನೋದವೆಂದು ನಮ್ಮ ಜಿಲ್ಲೆಯವರು ಹೇಳುವಂತಿಲ್ಲ. ಭ್ರೂಣದ ಲಿಂಗಪತ್ತೆಯನ್ನು 1994ರ ಕಾಯಿದೆಯೇ ನಿಷೇಧಿಸಿದ್ದರೂ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಅದನ್ನು ನಡೆಸುತ್ತಿದ್ದ ಹೆಣ್ಣು ಭ್ರೂಣಹತ್ಯೆಯ ಜಾಲವೊಂದು 2023ರ ಕೊನೆಯಲ್ಲಿ ಬಯಲಾಯಿತು. ಬೆಲ್ಲ ಬೇಯಿಸುವ ಮನೆಯಲ್ಲಿ ನಡೆದ ಕೆಲಸವದು! ಅಜ್ಜಿಯ ಮಾತಿನಿಂದಲೇ ಆ ಪಾತಕ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಶಿಶುವನ್ನು ಆರಿಸಿಕೊಳ್ಳಬಹುದು, ಬೇಡವೆನ್ನಬಹುದು ಎಂಬ ಪಾಠ ಎರಡರಲ್ಲಿಯೂ ಒಂದೇ.

ಸಹಪಾಠಿಗಳೇ, ನಾವೆಲ್ಲರೂ ಒಂದಲ್ಲ ಒಂದು ಮನೆಯ ಅಣ್ಣ, ಅಕ್ಕ, ಮಾವ, ಚಿಕ್ಕಮ್ಮಂದಿರು, ನಾಳೆ ತಂದೆತಾಯಿಗಳಾಗುವವರು. ಮಗು ಕೇಳಿದಾಗ ನಕ್ಕು ಜಾರಿಕೊಳ್ಳದೆ, ಇದ್ದುದನ್ನು ಇದ್ದಂತೆ ಹೇಳೋಣ. ಬರುವ ಕೂಸು ಯಾವುದಾದರೂ ಅದು ನಮ್ಮದೇ ಎಂದು ತೊಟ್ಟಿಲು ಕಟ್ಟುವ ಮೊದಲೇ ಅದರ ಒಡಹುಟ್ಟು ಅರಿತಿರಲಿ.