ಒಂದೇ ಮರ ಬ್ಯಾಕಪ್ ಅಲ್ಲ

ಪ್ರಾಜೆಕ್ಟ್ ಕೋಡನ್ನ ಒಂದೇ ಲ್ಯಾಪ್‌ಟಾಪಲ್ಲಿ ಇಟ್ಕೊಂಡು, ಸಬ್ಮಿಷನ್ ಹಿಂದಿನ ದಿನ ತಲೆ ಮೇಲೆ ಕೈ ಹೊತ್ತವರನ್ನ ನಾವೆಲ್ಲ ನೋಡಿದ್ದೀವಿ. ಮರಗಳ ಕಥೆಯೂ ಹಾಗೇ ಆಗ್ತಿದೆ. ಜಗತ್ತಿನಲ್ಲಿ ಸುಮಾರು 58,000 ಜಾತಿಯ ಮರಗಳಿವೆ. ಹೆಚ್ಚುಕಡಿಮೆ ಮೂರರಲ್ಲೊಂದು ಅಳಿವಿನ ಅಪಾಯದಲ್ಲಿದೆ. "ಸಸ್ಯೋದ್ಯಾನದಲ್ಲಿ ಇದೆಯಲ್ಲ, ಬಿಡಿ" ಅನ್ನೋ ಸಮಾಧಾನ ನನಗೆ ಸಾಲದು.

ಉದ್ಯಾನಗಳು ಮರ ಉಳಿಸಿರೋದು ನಿಜ. ಅಮೆರಿಕದ ಜಾರ್ಜಿಯಾದ ಫ್ರಾಂಕ್ಲಿನಿಯಾ ಮರ ಕಾಡಿನಲ್ಲಿ ಕೊನೆಯದಾಗಿ ಕಂಡಿದ್ದು 1803ರಲ್ಲಿ. ಅದಕ್ಕೂ ಮುಂಚೆ ಬಾರ್ಟ್ರಮ್ ಕುಟುಂಬದವರು ಬೀಜ ತಂದು ಫಿಲಡೆಲ್ಫಿಯಾದ ತಮ್ಮ ತೋಟದಲ್ಲಿ ಬೆಳೆಸಿದ್ರು. ಅದರಿಂದಲೇ ಅದು ಇವತ್ತೂ ಹೂ ಬಿಡ್ತಿದೆ.

ಆದ್ರೆ ಇನ್ನೊಂದು ಕಥೆ ಇದೆ. 1895ರಲ್ಲಿ ದಕ್ಷಿಣ ಆಫ್ರಿಕಾದ ಒಂಗೋಯೆ ಕಾಡಿನಲ್ಲಿ ಎನ್ಸೆಫಲಾರ್ಟಸ್ ವುಡೈ ಅನ್ನೋ ಸೈಕಾಡ್ ಸಿಕ್ತು. ನೋಡೋಕೆ ಈಚಲು ಮರದ ಥರ. ಸಿಕ್ಕಿದ್ದು ಒಂದೇ ಗಿಡ, ಅದೂ ಗಂಡು. ಹೆಣ್ಣು ಇವತ್ತಿನವರೆಗೂ ಸಿಕ್ಕಿಲ್ಲ. ಲಂಡನ್ನಿನ ಕ್ಯೂ ಸೇರಿದಂತೆ ಹಲವು ಉದ್ಯಾನಗಳಲ್ಲಿ ಇರೋದೆಲ್ಲ ಅದರ ಮರಿಗಳೇ. ಒಂದೇ ಫೈಲನ್ನ ನೂರು ಸಲ ಕಾಪಿ ಪೇಸ್ಟ್ ಮಾಡಿದ ಹಾಗೆ. ಒಂದರಲ್ಲಿ ಬಗ್ ಇದ್ರೆ ನೂರರಲ್ಲೂ ಇರುತ್ತೆ.

ಇದು ನಮ್ಮ ಪಶ್ಚಿಮ ಘಟ್ಟಕ್ಕೂ ಪಾಠ. ಅಡುಗೆಗೆ ಹಾಕೋ ಜಾಪತ್ರೆಯ ಕಾಡು ಸಂಬಂಧಿ ರಾಮಪತ್ರೆ ಅಪಾಯದ ಪಟ್ಟಿಯಲ್ಲಿದೆ. ಅದರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಒಣಗಿದ್ರೆ ಸತ್ತೇ ಹೋಗುತ್ತೆ. ಹಾಗಾಗಿ ಬೀಜ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡೋ ಬೀಜ ಬ್ಯಾಂಕಿನಿಂದ ಇದಕ್ಕೆ ಉಪಯೋಗವಿಲ್ಲ. ಬದುಕಿರೋ ಮರವಾಗಿಯೇ ಉಳಿಸಬೇಕು. ಹೆಸರಿನ ಬೋರ್ಡ್ ಹಾಕಿ ಒಂದು ಮರ ನಿಲ್ಲಿಸಿದ್ರೆ ಅದು ಪ್ರದರ್ಶನ, ಸಂರಕ್ಷಣೆ ಅಲ್ಲ. ಬೇರೆ ಬೇರೆ ತಾಯಿಮರಗಳಿಂದ ಹತ್ತಾರು ಗಿಡಗಳು ಬೇಕು, ಒಂದಕ್ಕಿಂತ ಹೆಚ್ಚು ಉದ್ಯಾನಗಳಲ್ಲಿ ಇರಬೇಕು. ಯಾವ ಗಿಡ ಯಾವ ಕಾಡಿನ ಯಾವ ಮರದ್ದು ಅನ್ನೋ ದಾಖಲೆಯೂ ಇರಬೇಕು.

"ಅಷ್ಟು ಜಾಗ ಎಲ್ಲಿದೆ?" ಅಂತ ಕೇಳಬಹುದು. ಕಾಲೇಜು ಕ್ಯಾಂಪಸ್‌ಗಳಲ್ಲಿದೆ. ಜೂನ್ 5ಕ್ಕೆ ಸಿಕ್ಕ ಸಸಿ ನೆಟ್ಟು, ಫೋಟೋ ತೆಗೆದು, ಆಮೇಲೆ ಮರೆಯೋ ಬದಲು, ನಮ್ಮ ಮಣ್ಣು, ಮಳೆಗೆ ಒಗ್ಗೋ ಅಪರೂಪದ ಮರ ಯಾವುದು ಅಂತ ತಿಳಿದವರನ್ನ ಕೇಳೋಣ. ಎಲ್ಲ ಮರವೂ ಎಲ್ಲ ಕಡೆ ಬದುಕಲ್ಲ. ದಾಖಲೆಗೆ ಒಂದು ಡೇಟಾಬೇಸ್ ಮಾಡೋದು ನಮಗೇನು ಕಷ್ಟ? ಮಿನಿ ಪ್ರಾಜೆಕ್ಟಿಗೆ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಷ್ಟು ಸಲ ಮಾಡ್ತೀರಿ!

ಇದೆಲ್ಲ ಮಾಡಿದ್ರೂ ಉದ್ಯಾನ ಕಾಡಾಗಲ್ಲ. ಬ್ಯಾಕಪ್ ಇರೋದು ಮತ್ತೆ ರಿಸ್ಟೋರ್ ಮಾಡೋಕೆ. ವಾಪಸ್ ನೆಡೋಕೆ ಕಾಡೇ ಇಲ್ಲದಿದ್ರೆ, ಇಷ್ಟು ಜೋಪಾನ ಮಾಡಿದ್ದು ಯಾವ ಪುರುಷಾರ್ಥಕ್ಕೆ?